ಯಂತ್ರದ ಪತ್ರ, ನಡುರಾತ್ರಿಯ ಓದುಗ

2012ರ ಆಗಸ್ಟ್ 1ರ ಬೆಳಿಗ್ಗೆ ಎಂಟು ಗಂಟೆ. ನ್ಯೂಯಾರ್ಕ್ ಷೇರುಪೇಟೆ ತೆರೆಯಲು ಇನ್ನೂ ಒಂದೂವರೆ ತಾಸು ಬಾಕಿ. ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಸಿಬ್ಬಂದಿಯ ಇನ್‌ಬಾಕ್ಸ್‌ಗೆ ಕಂಪ್ಯೂಟರ್ ತಾನಾಗಿ ಕಳಿಸಿದ ಮೇಲ್‌ಗಳು ಬೀಳತೊಡಗಿದವು. ಆರ್ಡರ್‌ಗಳನ್ನು ಪೇಟೆಗೆ ಸಾಗಿಸುವ ಸಾಫ್ಟ್‌ವೇರಿನ ಹೆಸರು, ಜೊತೆಗೆ ‘ಪವರ್ ಪೆಗ್ ಡಿಸೇಬಲ್ಡ್’ ಎಂಬ ದೋಷದ ಉಲ್ಲೇಖ. ಒಂಬತ್ತೂವರೆಗೆ ಪೇಟೆ ತೆರೆಯುವಷ್ಟರಲ್ಲಿ ಇಂಥ 97 ಮೇಲ್‌ಗಳು ಬಂದಿದ್ದವು. ಯಾರೂ ಅವುಗಳ ಬೆನ್ನು ಹತ್ತಲಿಲ್ಲ. ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಹೊಸ ಪ್ರೋಗ್ರಾಂ ಹಾಕಿ ಒಂದನ್ನು ಬಿಟ್ಟಿದ್ದರು. ವರ್ಷಗಳಿಂದ ಬಳಕೆ ತಪ್ಪಿದ್ದ ಹಳೆಯ ಕೋಡ್ ಆ ಒಂದರಲ್ಲಿ ಮತ್ತೆ ಓಡತೊಡಗಿತ್ತು. ಮುಂದಿನ 45 ನಿಮಿಷಗಳಲ್ಲಿ ಅದು 154 ಷೇರುಗಳಲ್ಲಿ ಸುಮಾರು 40 ಲಕ್ಷ ವಹಿವಾಟು ನಡೆಸಿ, ಸಂಸ್ಥೆಗೆ 46 ಕೋಟಿ ಡಾಲರ್ ಮೀರಿದ ನಷ್ಟ ತಂದಿತು.

ಮರುವರ್ಷ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಹೊರಡಿಸಿದ ಆದೇಶದಲ್ಲಿ ಈ ಮೇಲ್‌ಗಳಿಗೂ ಒಂದು ಜಾಗ ಸಿಕ್ಕಿದೆ. ಅವನ್ನು ಎಚ್ಚರಿಕೆಯ ಸಂದೇಶಗಳೆಂದು ರೂಪಿಸಿರಲಿಲ್ಲ. ಬಂದಾಗ ಸಿಬ್ಬಂದಿ ಸಾಮಾನ್ಯವಾಗಿ ನೋಡುತ್ತಲೂ ಇರಲಿಲ್ಲ ಎಂದು ಆದೇಶ ದಾಖಲಿಸುತ್ತದೆ. ಸುದ್ದಿ ನಿಜವಾಗಿತ್ತು, ಹೊತ್ತಿಗೆ ಸರಿಯಾಗಿಯೂ ಬಂದಿತ್ತು. ಓದುವವರ ಕಣ್ಣಿಗೆ ಮಾತ್ರ ಅದು ಸುದ್ದಿಯಾಗಿ ಕಾಣಲಿಲ್ಲ.

ಸರ್ವರ್, ನೆಟ್‌ವರ್ಕ್, ಡೇಟಾಬೇಸ್‌ಗಳ ಮೇಲೆ ಕಣ್ಣಿಟ್ಟಿರುವ ಮಾನಿಟರಿಂಗ್ ವ್ಯವಸ್ಥೆಗಳು ದಶಕಗಳಿಂದ ಮನುಷ್ಯರಿಗೆ ಮೇಲ್ ಬರೆಯುತ್ತಿವೆ. ಬಹುಕಾಲ ಅವು ಬರೆದದ್ದು ತಮಗೆ ಗೊತ್ತಿದ್ದನ್ನು ಮಾತ್ರ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಫೋನ್ ಎತ್ತಿಕೊಂಡವರಿಗೆ ಏನು ತಿಳಿಯಬೇಕು ಎಂಬ ಪ್ರಶ್ನೆಯನ್ನು ಎಂಜಿನಿಯರುಗಳು ಗಂಭೀರವಾಗಿ ಕೇಳಿಕೊಂಡದ್ದು ತೀರಾ ತಡವಾಗಿ. ಈ ಕ್ಷೇತ್ರ ಬೆಳೆದ ಬಗೆಯನ್ನು ಆ ಪ್ರಶ್ನೆಯ ಬೆಳಕಿನಲ್ಲಿ ನೋಡುವುದೇ ಸರಿ.

ಆರಂಭ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಿಂದ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡಿಸುವ ‘ಕ್ರಾನ್’ ಎಂಬ ಪುಟ್ಟ ಪ್ರೋಗ್ರಾಂ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿತ್ತು. ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್ ಮುಂದೆ ಲಿನಕ್ಸ್ ಲೋಕದಲ್ಲೆಲ್ಲ ಹರಡಿತು. ಅದರ ನಿಯಮ ಬಲು ಸರಳ: ಕೆಲಸ ನಡೆಯುವಾಗ ಪ್ರೋಗ್ರಾಂ ಏನಾದರೂ ಉಸುರಿದರೆ ಅದನ್ನು ಹಾಗೇ ಮಾಲೀಕರಿಗೆ ಮೇಲ್ ಮಾಡು, ಏನೂ ಹೇಳದಿದ್ದರೆ ಸುಮ್ಮನಿರು. ತೊಂದರೆಯೆಂದರೆ, ಎಷ್ಟೋ ಪ್ರೋಗ್ರಾಂಗಳು ಕೆಲಸ ಸುಸೂತ್ರವಾಗಿ ಮುಗಿದಾಗಲೂ ನಾಲ್ಕು ಸಾಲು ಬರೆಯುತ್ತವೆ. ಬ್ಯಾಕಪ್ ಸರಿಯಾಗಿ ಆಯಿತು ಎಂಬ ಮೇಲೂ, ಬ್ಯಾಕಪ್ ಕೆಟ್ಟಿತು ಎಂಬ ಮೇಲೂ ಒಂದೇ ಸಬ್ಜೆಕ್ಟ್ ಸಾಲು ಹೊತ್ತು ಬರುತ್ತವೆ. ದಿನಾ ಬರುವ ಮೇಲ್‌ಗಳನ್ನು ಒಂದು ಫೋಲ್ಡರಿಗೆ ತಳ್ಳುವ ಫಿಲ್ಟರ್ ಹಾಕಿಕೊಂಡು ಅಡ್ಮಿನ್‌ಗಳು ನೆಮ್ಮದಿಯಾಗಿದ್ದರು. ಆ ಫೋಲ್ಡರನ್ನು ತೆರೆದು ನೋಡುವವರು ಕಡಿಮೆ.

ಓದುಗರಿಗೆ ‘ಇದು ಎಷ್ಟು ಗಂಭೀರ’ ಎಂದು ತಿಳಿಸುವ ಮೊದಲ ದೊಡ್ಡ ಪ್ರಯತ್ನ ಸಿಸ್‌ಲಾಗ್‌ನದು. 1980ರ ದಶಕದ ಆರಂಭದಲ್ಲಿ ಎರಿಕ್ ಆಲ್ಮನ್ ಮೇಲ್ ಸಾಗಿಸುವ ‘ಸೆಂಡ್‌ಮೇಲ್’ ಎಂಬ ಪ್ರೋಗ್ರಾಮಿನ ಯೋಜನೆಯ ಭಾಗವಾಗಿ ಇದನ್ನು ರೂಪಿಸಿದರು. ಪ್ರತಿ ಸಂದೇಶಕ್ಕೂ 0ಯಿಂದ 7ರವರೆಗೆ ಒಂದು ದರ್ಜೆ. 0 ಎಂದರೆ ವ್ಯವಸ್ಥೆಯೇ ಕುಸಿದಿದೆ, 7 ಎಂದರೆ ಪ್ರೋಗ್ರಾಂ ಬರೆದವರಿಗೆ ಬಿಟ್ಟರೆ ಬೇರಾರಿಗೂ ಬೇಡದ ವಿವರ. ಇಂದಿಗೂ ಈ ಎಂಟು ದರ್ಜೆಗಳು ಬಳಕೆಯಲ್ಲಿವೆ. ಆದರೆ ದರ್ಜೆ ನಿಗದಿ ಮಾಡುವವರು ಕೋಡ್ ಬರೆದ ಎಂಜಿನಿಯರುಗಳು. ತಮ್ಮ ಪ್ರೋಗ್ರಾಮಿನ ಒಂದು ಸಣ್ಣ ಎಡವಟ್ಟು ಅವರಿಗೆ ‘ಕ್ರಿಟಿಕಲ್’. ನೂರು ಸರ್ವರ್ ನೋಡಿಕೊಳ್ಳುವವರಿಗೆ ಅದು ಬೆಳಿಗ್ಗೆ ನೋಡಿದರಾಗುವ ವಿಷಯ. ಬರೆದವರ ಅಳತೆಗೂ ಓದುವವರ ಅಳತೆಗೂ ನಡುವಿನ ಈ ಅಂತರ ಮುಂದಿನ ಎಲ್ಲ ಪ್ರಯತ್ನಗಳನ್ನೂ ಕಾಡಿದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀಫನ್ ಹ್ಯಾನ್ಸನ್ ಮತ್ತು ಟಾಡ್ ಅಟ್ಕಿನ್ಸ್ 1993ರಲ್ಲಿ ‘ಸ್ವಾಚ್’ ಎಂಬ ಸಾಧನವನ್ನು ಪರಿಚಯಿಸಿದರು. ಲಾಗ್ ಫೈಲುಗಳನ್ನು ಕಾಯುತ್ತ ಕೂತು, ಹೇಳಿಕೊಟ್ಟ ಮಾದರಿಯ ಸಾಲು ಕಂಡಾಗ ಮಾತ್ರ ಮೇಲ್ ಕಳಿಸುವುದು ಅದರ ಕೆಲಸ. ಆಮೇಲೆ ಬಂದ ಲಾಗ್‌ವಾಚ್ ಇನ್ನೊಂದು ದಾರಿ ಹಿಡಿಯಿತು: ದಿನಕ್ಕೊಂದೇ ಮೇಲ್, ಅದರೊಳಗೆ ವಿಷಯವಾರು ತಲೆಬರಹ. ಯಾರು ಲಾಗಿನ್ ಆದರು, ಡಿಸ್ಕ್ ಎಷ್ಟು ತುಂಬಿದೆ, ಎಷ್ಟು ಮಂದಿ ತಪ್ಪು ಪಾಸ್‌ವರ್ಡ್ ಹಾಕಿದರು, ಎಲ್ಲ ಒಂದೆಡೆ. ತುರ್ತಿಲ್ಲದ ವಿಷಯಗಳನ್ನು ಒಟ್ಟುಗೂಡಿಸಿ ಬೆಳಗಿನ ಕಾಫಿಯ ಹೊತ್ತಿಗೆ ಕೊಡುವ ಈ ಕ್ರಮ ಈಗಲೂ ಬಳಕೆಯಲ್ಲಿ ಉಳಿದಿರುವುದು ಸುಮ್ಮನೆ ಅಲ್ಲ.

1996ರಲ್ಲಿ ಬಂದ ಶಾನ್ ಮ್ಯಾಕ್‌ಗೈರ್ ಅವರ ‘ಬಿಗ್ ಬ್ರದರ್’ ಸರ್ವರ್‌ಗಳ ಸ್ಥಿತಿಗೆ ಹಸಿರು, ಹಳದಿ, ಕೆಂಪು ಬಣ್ಣ ಕೊಟ್ಟಿತು. 1999ರಲ್ಲಿ ಈಥನ್ ಗಾಲ್‌ಸ್ಟಡ್ ‘ನೆಟ್‌ಸೇಂಟ್’ ಹೊರತಂದರು. ಟ್ರೇಡ್‌ಮಾರ್ಕ್ ತಕರಾರಿನಿಂದ ಅದಕ್ಕೆ ‘ನಾಗಿಯೋಸ್’ ಎಂಬ ಹೊಸ ಹೆಸರು ಬಂತು. 2002ರಲ್ಲಿ ಅದರ ಒಂದನೇ ಆವೃತ್ತಿ ಬಿಡುಗಡೆಯಾಯಿತು. ಮುಂದಿನ ಹತ್ತು ಹದಿನೈದು ವರ್ಷ ಜಗತ್ತಿನ ಅಸಂಖ್ಯ ಡೇಟಾ ಸೆಂಟರುಗಳ ಅಲರ್ಟ್ ಮೇಲ್ ಎಂದರೆ ನಾಗಿಯೋಸ್ ಮೇಲ್. ಅದರ ಮೂಲ ಮಾದರಿಯನ್ನು ಹತ್ತಿರದಿಂದ ನೋಡಬೇಕು. ಮೂರನೇ ಡೇಟಾಬೇಸ್ ಸರ್ವರಿನ ಡಿಸ್ಕ್ ತುಂಬಿದೆ ಎಂದುಕೊಳ್ಳಿ. ಬರುವ ಸಬ್ಜೆಕ್ಟ್ ಸಾಲು ಹೀಗಿರುತ್ತದೆ:

 ಪ್ರಾಬ್ಲಮ್ ಸರ್ವೀಸ್ ಅಲರ್ಟ್: ಡಿಬಿ-3/ಡಿಸ್ಕ್ ಸ್ಪೇಸ್ ಈಸ್ ಕ್ರಿಟಿಕಲ್ 

ಮೇಲ್ ತೆರೆದರೆ ಮೊದಲಿಗೆ ನಕ್ಷತ್ರಗಳ ನಡುವೆ ‘ನಾಗಿಯೋಸ್’ ಎಂಬ ಹೆಸರು. ಆಮೇಲೆ ಒಂದರ ಕೆಳಗೊಂದರಂತೆ ನೋಟಿಫಿಕೇಷನ್ನಿನ ಬಗೆ, ಸರ್ವೀಸ್, ಹೋಸ್ಟ್, ಐಪಿ ವಿಳಾಸ, ಸ್ಥಿತಿ, ದಿನಾಂಕ ಮತ್ತು ವೇಳೆ. ಎಲ್ಲಕ್ಕಿಂತ ಕೊನೆಗೆ ‘ಅಡಿಷನಲ್ ಇನ್ಫೊ’ ಎಂಬ ತಲೆಬರಹದ ಕೆಳಗೆ, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎನ್ನುವ ಒಂದು ಸಾಲು. ಪಹಣಿಯಲ್ಲಿರುವಂತೆ ಎಲ್ಲ ಕಾಲಮ್ಮೂ ತುಂಬಿದೆ. ಬೇಕಾದ ಒಂದು ಅಂಶವನ್ನು ಮಾತ್ರ ಬೆರಳಿಟ್ಟು ಹುಡುಕಬೇಕು. ಓದುಗರಿಗೆ ಮೊದಲು ಬೇಕಾದದ್ದು ಕೊನೆಯಲ್ಲಿದೆ. ಸಬ್ಜೆಕ್ಟ್ ಸಾಲಿನಲ್ಲೂ ಅದೇ ಕಥೆ. ಫೋನಿನ ಪರದೆಯ ಮೇಲೆ ಉದ್ದನೆಯ ಸಾಲಿನ ಬಾಲ ಕತ್ತರಿಸಿ ಹೋಗುತ್ತದೆ, ಹೋಗುವುದು ‘ಕ್ರಿಟಿಕಲ್’ ಎಂಬ ಪದವೇ. ಉಳಿಯುವುದು ಇಂಥ ಪ್ರತಿ ಮೇಲ್‌ನಲ್ಲೂ ಇರುವ ‘ಪ್ರಾಬ್ಲಮ್ ಸರ್ವೀಸ್ ಅಲರ್ಟ್’.

ಇದಕ್ಕೆ ಕಾರಣವೂ ಇದೆ. ಇಮೇಲನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯನ್ನು ಜಾನ್ ಪೊಸ್ಟೆಲ್ 1982ರಲ್ಲಿ ಬರೆದಾಗ ಮೇಲ್ ಎಂದರೆ ಬರೀ ಅಕ್ಷರ; ಚಿತ್ರ, ಬಣ್ಣ, ಲಗತ್ತುಗಳಿಗೆ ದಾರಿ ಮಾಡಿದ ‘ಮೈಮ್’ ಬಂದದ್ದು 1992ರಲ್ಲಿ. ಹಳೆಯ ಟರ್ಮಿನಲ್ ಎದುರು ಕೂತು ಅಕ್ಷರಗಳನ್ನೇ ಓದುವ ಅಡ್ಮಿನ್‌ಗಾಗಿ ನಾಗಿಯೋಸ್ ಮೇಲ್ ರಚಿತವಾಗಿತ್ತು. ಪೇಜರ್ ಮತ್ತು ಎಸ್ಸೆಮ್ಮೆಸ್‌ಗೂ ಅದೇ ಸುದ್ದಿ ಹೋಗಬೇಕಿತ್ತು. ಎಸ್ಸೆಮ್ಮೆಸ್ ಒಂದಕ್ಕೆ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡ ಲಿಪಿಗೆ ಇಳಿದೊಡನೆ ಮಿತಿ 70ಕ್ಕೆ ಕುಸಿಯುತ್ತದೆ. ಅದರಲ್ಲೂ ಒತ್ತಕ್ಷರ, ಗುಣಿತಗಳು ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಚಿಕ್ಕದಾಗಿ, ಮುಖ್ಯವಾದದ್ದನ್ನು ಮೊದಲು ಬರೆಯುವ ಶಿಸ್ತನ್ನು ಈ ಇಕ್ಕಟ್ಟೇ ಕಲಿಸಬೇಕಿತ್ತು. ಕಲಿಯಲು ಸಮಯ ಹಿಡಿಯಿತು.

ಒಂದು ಮೇಲ್ ಓದಲು ಕಷ್ಟವಾಗುವುದು ಅದರ ಬರವಣಿಗೆಯಿಂದ ಮಾತ್ರವಲ್ಲ, ಜೊತೆಗೆ ಬಂದು ಬೀಳುವ ಇನ್ನೂರರಿಂದಲೂ ಹೌದು. ಈ ಪಾಠವನ್ನು ಕಂಪ್ಯೂಟರ್ ಕ್ಷೇತ್ರಕ್ಕಿಂತ ಮೊದಲು ಕಲಿತದ್ದು ಕಾರ್ಖಾನೆಗಳು, ಅದೂ ದುಬಾರಿ ಬೆಲೆ ತೆತ್ತು. 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿದ್ದ ಟೆಕ್ಸಾಕೊ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಯಿತು. 26 ಮಂದಿ ಗಾಯಗೊಂಡರು. ಸ್ಫೋಟಕ್ಕೆ ಮುಂಚಿನ ಹನ್ನೊಂದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಾಂ ಬಡಿದಿದ್ದವು. ಅಲ್ಲಿನ ಎರಡು ಸಾವಿರ ಚಿಲ್ಲರೆ ಅಲಾರಾಂಗಳಲ್ಲಿ ಶೇ. 87ಕ್ಕೆ ‘ಅತಿ ಮುಖ್ಯ’ ಎಂಬ ಹಣೆಪಟ್ಟಿ ಇತ್ತು ಎಂದು ತನಿಖೆ ಕಂಡುಕೊಂಡಿತು. ಎಲ್ಲವೂ ಅತಿ ಮುಖ್ಯವಾದಾಗ ಯಾವುದನ್ನು ಮೊದಲು ನೋಡಬೇಕೆಂದು ಆ ಇಬ್ಬರಿಗೆ ಹೇಳುವವರು ಯಾರೂ ಇರಲಿಲ್ಲ. 1999ರಲ್ಲಿ ಬ್ರಿಟನ್ನಿನ ಕೈಗಾರಿಕಾ ಸಂಘಟನೆ ಈಮುವಾ ತನ್ನ 191ನೇ ಮಾರ್ಗದರ್ಶಿಯಲ್ಲಿ ಲೆಕ್ಕವನ್ನೇ ಬರೆದಿಟ್ಟಿತು: ಮಾಮೂಲಿ ದಿನಗಳಲ್ಲಿ ಒಬ್ಬ ಆಪರೇಟರಿಗೆ ಹತ್ತು ನಿಮಿಷಕ್ಕೊಂದು ಅಲಾರಾಂ ಸಾಕು, ಒಟ್ಟು ಅಲಾರಾಂಗಳಲ್ಲಿ ಮೇಲ್ದರ್ಜೆಯವು ಶೇ. 5ರಷ್ಟಿದ್ದರೆ ಸಾಕು.

ನಾಗಿಯೋಸ್‌ನೊಳಗೂ ಈ ಅರಿವಿನ ಕುರುಹುಗಳಿದ್ದವು. ಗಳಿಗೆಗೊಮ್ಮೆ ಕೆಟ್ಟು ಗಳಿಗೆಗೊಮ್ಮೆ ಸರಿಯಾಗುವ ಸರ್ವೀಸನ್ನು ಗುರುತಿಸಿ ಅದರ ಮೇಲ್‌ಗಳನ್ನು ತಡೆಹಿಡಿಯುವ ಸೌಲಭ್ಯವಿತ್ತು. ಒಂದು ಸ್ವಿಚ್ ಸತ್ತರೆ ಅದರ ಹಿಂದಿನ ಐವತ್ತು ಸರ್ವರ್ ‘ಸತ್ತಿವೆ’ ಎನ್ನದೆ ‘ತಲುಪಲಾಗುತ್ತಿಲ್ಲ’ ಎಂದು ಬೇರೆ ಮಾಡುವ ವ್ಯವಸ್ಥೆಯೂ ಇತ್ತು. ಆದರೆ ಯಾವುದರ ಹಿಂದೆ ಯಾವುದಿದೆ ಎಂಬ ನಂಟನ್ನು ಯಾರಾದರೂ ಕೂತು ಬರೆದಿಡಬೇಕಿತ್ತು. ಸರ್ವರ್‌ಗಳು ವಾರವಾರ ಬದಲಾಗುವ ಕಡೆ ಅಷ್ಟು ತಾಳ್ಮೆ ಉಳಿಯುವುದಿಲ್ಲ.

ಇದೇ ಹೊತ್ತಿಗೆ ಬೆಂಗಳೂರಿನ ಹೆಸರೂ ಈ ಚರಿತ್ರೆಯಲ್ಲಿ ಬರುತ್ತದೆ. ಅಮೆರಿಕದ ಟಾರ್ಗೆಟ್ ಮಳಿಗೆಗಳ ಸರಪಣಿ 2013ರಲ್ಲಿ ಫೈರ್‌ಐ ಎಂಬ ಭದ್ರತಾ ಸಾಧನವನ್ನು ಅಳವಡಿಸಿಕೊಂಡಿತ್ತು. ಅದರ ಪರದೆಗಳನ್ನು ಹಗಲಿರುಳು ಕಾಯುತ್ತಿದ್ದುದು ಬೆಂಗಳೂರಿನ ತಂಡ. ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ 2014ರ ಮಾರ್ಚಿನಲ್ಲಿ ವರದಿ ಮಾಡಿದಂತೆ, ನವೆಂಬರ್ 30ರಂದು ಕಳ್ಳ ಸಾಫ್ಟ್‌ವೇರ್ ಒಳನುಗ್ಗಿದ ಅಲರ್ಟ್ ಕಂಡು ಬೆಂಗಳೂರಿನವರು ಮಿನಿಯಾಪೊಲಿಸ್‌ನ ಭದ್ರತಾ ತಂಡಕ್ಕೆ ತಿಳಿಸಿದರು. ಅಲ್ಲಿಂದ ಮುಂದೆ ಏನೂ ಆಗಲಿಲ್ಲ. 4 ಕೋಟಿ ಗ್ರಾಹಕರ ಕಾರ್ಡ್ ವಿವರ ಕಳುವಾಯಿತು. ಆ ಅಲರ್ಟಿನ ಮೇಲಿದ್ದ ಹೆಸರು ‘ಮಾಲ್‌ವೇರ್.ಬೈನರಿ’. ಅಪರಿಚಿತವಾದ ಯಾವುದಕ್ಕಾದರೂ ಅಂಟಿಸುವ ಸಾಮಾನ್ಯ ಚೀಟಿ ಅದು. ಯಾವ ಯಂತ್ರದಲ್ಲಿ, ಯಾವ ದತ್ತಾಂಶ, ಎಲ್ಲಿಗೆ ಹೋಗುತ್ತಿದೆ ಎಂಬುದು ಆ ಹೆಸರಿನಲ್ಲಿಲ್ಲ. ಬೆಂಗಳೂರಿನ ತಂಡ ತನ್ನ ಕೆಲಸ ಮಾಡಿತ್ತು ಎನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ಇಲ್ಲಿ ಕೂತವರು ಕಂಡದ್ದನ್ನು ಹದಿಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಕೂತವರು ಅಷ್ಟೇ ತುರ್ತಿನಿಂದ ಓದುವಂತೆ ಮಾಡುವ ಶಕ್ತಿ ಆ ಚೀಟಿಗಿರಲಿಲ್ಲ. ಹೊರದೇಶದ ವ್ಯವಸ್ಥೆಗಳನ್ನು ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕಾಯುವ ಎಲ್ಲರಿಗೂ ಇದು ಪರಿಚಿತ ಸಂಕಟ.

ಬದಲಾವಣೆಯ ನಿಜವಾದ ತಿರುವು 2014ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ ಬಂತು. ಕರಕುಶಲ ವಸ್ತುಗಳ ಆನ್‌ಲೈನ್ ಮಾರುಕಟ್ಟೆ ಎಟ್ಸಿಯ ಎಂಜಿನಿಯರ್ ರಯಾನ್ ಫ್ರಾಂಟ್ಜ್ ‘ನಾಗಿಯೋಸ್-ಹೆರಾಲ್ಡ್’ ಎಂಬ ಸಾಧನವನ್ನು ಎಲ್ಲರ ಬಳಕೆಗೆ ಬಿಟ್ಟರು. ನಾಗಿಯೋಸ್ ಅಲರ್ಟ್ ಎಬ್ಬಿಸಿದ ಮೇಲೆ, ಅದು ಮೇಲ್ ಆಗಿ ಹೊರಡುವ ಮುನ್ನ, ಈ ಸಾಧನ ನಡುವೆ ನಿಂತು ಓದುಗರ ಪರವಾಗಿ ಒಂದಿಷ್ಟು ಓಡಾಡಿ ಬರುತ್ತದೆ. ಡಿಸ್ಕ್ ತುಂಬಿದ ಅದೇ ಸುದ್ದಿಯನ್ನೇ ತೆಗೆದುಕೊಳ್ಳಿ. ಮೇಲ್‌ನ ತಲೆಯಲ್ಲೇ ಯಾವ ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಪಟ್ಟಿ. ಅದರ ಕೆಳಗೆ ಹಿಂದಿನ 24 ಗಂಟೆಗಳ ಗ್ರಾಫ್. ಆಮೇಲೆ ಡಿಸ್ಕ್‌ಗಳ ಪೂರ್ಣ ವಿವರ, ಅದರಲ್ಲಿ ತೊಂದರೆಗೆ ಸಿಕ್ಕ ಸಾಲಿಗೆ ಮಾತ್ರ ಬಣ್ಣ. ಜೊತೆಗೆ ಕಳೆದ ಏಳು ದಿನಗಳಲ್ಲಿ ಇದೇ ಅಲರ್ಟ್ ಎಷ್ಟು ಸಲ ಬಂದಿತ್ತು ಎಂಬ ಲೆಕ್ಕ.

ಇಲ್ಲಿ ಗ್ರಾಫ್ ಮಾಡುವ ಕೆಲಸ ದೊಡ್ಡದು. ಶೇ. 92 ತುಂಬಿದೆ ಎಂಬ ಅಂಕಿಯಿಂದ ಏನೂ ನಿರ್ಧರಿಸಲಾಗದು. ಒಂದು ತಿಂಗಳಿಂದ ಇಂಚಿಂಚಾಗಿ ಏರಿ 92 ಮುಟ್ಟಿದ್ದರೆ ಮಲಗಿ ಬೆಳಿಗ್ಗೆ ನೋಡಬಹುದು. ಅರ್ಧ ಗಂಟೆಯ ಹಿಂದೆ 40 ಇದ್ದದ್ದು ಈಗ 92 ಆಗಿದ್ದರೆ ಹತ್ತು ನಿಮಿಷದೊಳಗೆ ಡೇಟಾಬೇಸ್ ನಿಲ್ಲುತ್ತದೆ, ಏಳಲೇಬೇಕು. ಒಂದೇ ಅಂಕಿ, ಎರಡು ಬೇರೆ ರಾತ್ರಿಗಳು. ಮುಂಚೆ ಈ ವ್ಯತ್ಯಾಸ ತಿಳಿಯಲು ಎದ್ದು, ಲ್ಯಾಪ್‌ಟಾಪ್ ತೆರೆದು, ವಿಪಿಎನ್ ಹಾಕಿ, ಸರ್ವರಿಗೆ ಲಾಗಿನ್ ಆಗಬೇಕಿತ್ತು. ಅಷ್ಟರಲ್ಲಿ ನಿದ್ದೆ ಹೇಗೂ ಹಾರಿರುತ್ತಿತ್ತು. ಎಟ್ಸಿಯವರು ಎಂಜಿನಿಯರುಗಳ ನಿದ್ದೆಯನ್ನೂ ಅಳೆದರು. ಅವರ ‘ಆಪ್ಸ್‌ವೀಕ್ಲಿ’ ಎಂಬ ಇನ್ನೊಂದು ಸಾಧನದಲ್ಲಿ, ಆನ್‌ಕಾಲ್ ವಾರ, ಅಂದರೆ ಅಲರ್ಟ್ ಬಂದರೆ ಏಳಬೇಕಾದ ಸರದಿ, ಮುಗಿಸಿದವರು ಬಂದ ಪ್ರತಿ ಅಲರ್ಟಿಗೂ ‘ಏನಾದರೂ ಮಾಡಬೇಕಾಯಿತೇ, ಇಲ್ಲವೇ’ ಎಂದು ಗುರುತು ಹಾಕಬೇಕಿತ್ತು; ನಿದ್ದೆ ಅಳೆಯುವ ಕೈಪಟ್ಟಿ ಕಟ್ಟಿಕೊಂಡವರ ದಾಖಲೆಯನ್ನು ಅದರೊಡನೆ ತಾಳೆ ನೋಡುತ್ತಿದ್ದರು. ಈ ಕ್ಷೇತ್ರದಲ್ಲಿ ಇದಕ್ಕಿಂತ ಮಾನವೀಯವಾದ ಲೆಕ್ಕಪತ್ರ ಸಿಗುವುದು ಅಪರೂಪ.

ಬಣ್ಣ, ಚಿತ್ರ ತಂದಾಗ ಹೊಸ ತೊಡಕುಗಳೂ ಬಂದವು. ವಿಂಡೋಸ್‌ನ ಔಟ್‌ಲುಕ್ 2007ರಿಂದ ಮೇಲ್‌ಗಳನ್ನು ವರ್ಡ್‌ನ ಯಂತ್ರದಿಂದ ಚಿತ್ರಿಸತೊಡಗಿದ್ದರಿಂದ ವೆಬ್‌ನಲ್ಲಿ ಚೆನ್ನಾಗಿ ಕಾಣುವ ವಿನ್ಯಾಸ ಅಲ್ಲಿ ಚೆದುರಿಹೋಗುತ್ತಿತ್ತು. ಜಿಮೇಲ್ ಸುಮಾರು 102 ಕಿಲೋಬೈಟ್ ಮೀರಿದ ಮೇಲ್‌ನ ಉಳಿದ ಭಾಗವನ್ನು ಮಡಚಿಡುತ್ತದೆ. ಕಂಪನಿಯ ಒಳಗಿನ ಗ್ರಾಫ್‌ಗೆ ಕೊಂಡಿ ಹಾಕಿದರೆ ಹೊರಗಿನಿಂದ ಫೋನಿನಲ್ಲಿ ನೋಡುವವರಿಗೆ ಖಾಲಿ ಚೌಕ. ಚಿತ್ರವನ್ನೇ ಮೇಲ್‌ನೊಳಗೆ ಸೇರಿಸಿ ಕಳಿಸಬೇಕು. ಕೆಂಪು, ಹಸಿರುಗಳನ್ನು ಬೇರ್ಪಡಿಸಿ ನೋಡಲಾಗದ ಕಣ್ಣುಗಳೂ ಇವೆ, ಆದ್ದರಿಂದ ಬಣ್ಣದ ಪಕ್ಕದಲ್ಲಿ ಪದವೂ ಇರಲೇಬೇಕು.

ಅಲರ್ಟ್ ಮೇಲ್‌ಗಳ ಪ್ರವಾಹ ತಡೆಯುವ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಪ್ರೊಮಿಥಿಯಸ್. ಸಂಗೀತ ತಾಣ ಸೌಂಡ್‌ಕ್ಲೌಡ್‌ನಲ್ಲಿ 2012ರಲ್ಲಿ ಶುರುವಾಗಿ 2015ರಲ್ಲಿ ಸಾರ್ವಜನಿಕರ ಕಣ್ಣಿಗೆ ಬಿದ್ದ ಈ ವ್ಯವಸ್ಥೆಯಲ್ಲಿ ಮೇಲ್ ಕಳಿಸುವ ಹೊಣೆಯನ್ನು ‘ಅಲರ್ಟ್‌ಮ್ಯಾನೇಜರ್’ ಎಂಬ ಪ್ರತ್ಯೇಕ ಪ್ರೋಗ್ರಾಮಿಗೆ ವಹಿಸಿದ್ದಾರೆ. ಅಲರ್ಟ್ ಬಂದೊಡನೆ ಅದು ಮೇಲ್ ಕಳಿಸದೆ 30 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಬಂದ ಅದೇ ಜಾತಿಯ ಅಲರ್ಟ್‌ಗಳನ್ನೆಲ್ಲ ಒಂದೇ ಮೇಲ್‌ನಲ್ಲಿ ಕಟ್ಟಿಕೊಡುತ್ತದೆ. ಡೇಟಾಬೇಸ್ ಕೈಕೊಟ್ಟು ಇನ್ನೂರು ಸರ್ವರ್‌ಗಳು ಕೂಗಿಕೊಂಡರೂ ಒಂದೇ ಮೇಲ್, ಸಬ್ಜೆಕ್ಟಿನ ಮೊದಲಲ್ಲೇ ‘ಫೈರಿಂಗ್: 200’. ಇಡೀ ಡೇಟಾ ಸೆಂಟರೇ ಕತ್ತಲಾಗಿದ್ದರೆ ಅದರೊಳಗಿನ ಚಿಲ್ಲರೆ ದೂರುಗಳನ್ನು ಅದುಮಿಡಲೂ ನಿಯಮ ಬರೆಯಬಹುದು. ಸರಿಹೋಗದಿದ್ದರೆ ನೆನಪೋಲೆ ನಾಲ್ಕು ಗಂಟೆಗೊಮ್ಮೆ ಮಾತ್ರ. 30 ಸೆಕೆಂಡ್, ನಾಲ್ಕು ಗಂಟೆ ಎಂಬಿವು ಅದರ ಮೂಲ ಹೊಂದಾಣಿಕೆಗಳು, ಬೇಕಾದಂತೆ ಬದಲಿಸಿಕೊಳ್ಳಬಹುದು. ಇದಕ್ಕಿಂತ ಬೆಲೆಬಾಳುವ ಇನ್ನೊಂದು ರೂಢಿ ಇದರ ಜೊತೆ ಬೆಳೆಯಿತು: ಪ್ರತಿ ಅಲರ್ಟ್ ನಿಯಮದ ಜೊತೆಗೇ ಮನುಷ್ಯ ಭಾಷೆಯಲ್ಲಿ ಒಂದು ಸಾರಾಂಶ, ಒಂದು ವಿವರಣೆ, ‘ರನ್‌ಬುಕ್’ ಅಂದರೆ ಏನು ಮಾಡಬೇಕೆಂಬ ಕೈಪಿಡಿಯ ಕೊಂಡಿ. ನಿಯಮ ಬರೆದವರು ಹಗಲಲ್ಲಿ, ತಲೆ ತಿಳಿಯಾಗಿರುವಾಗ ಬರೆದಿಟ್ಟ ಮಾತು ರಾತ್ರಿ ಇನ್ನೊಬ್ಬರ ಕೈಗೆ ಸಿಗುತ್ತದೆ.

2016ರಲ್ಲಿ ಗೂಗಲ್ ಎಂಜಿನಿಯರುಗಳು ‘ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್’ ಎಂಬ ಪುಸ್ತಕ ಹೊರತಂದಾಗ ವಾದ ಇನ್ನಷ್ಟು ಮೊನಚಾಯಿತು. ರಾಬ್ ಇವಾಶುಕ್ ಬರೆದ ಆರನೇ ಅಧ್ಯಾಯದ ನಿಲುವು ಖಡಕ್ಕಾಗಿದೆ: ಮನುಷ್ಯರನ್ನು ಎಬ್ಬಿಸುವ ಪ್ರತಿ ಕರೆಗೂ ಅವರು ಮಾಡಬೇಕಾದ ಕೆಲಸವೊಂದಿರಬೇಕು, ಗ್ರಾಹಕರಿಗೆ ತಟ್ಟಿದ ತೊಂದರೆಯನ್ನು ಅದು ಹೇಳಬೇಕು; ಒಳಗಿನ ಕಾರಣಗಳ ಹಿಂದೆ ಓಡಬಾರದು. ಇಮೇಲ್ ಅಲರ್ಟ್‌ಗಳ ಬಗ್ಗೆಯಂತೂ ಅವರಿಗೆ ಹೆಚ್ಚು ನಂಬಿಕೆಯಿಲ್ಲ, ಅವು ಬೇಗ ಗದ್ದಲದಲ್ಲಿ ಮುಳುಗುತ್ತವೆ, ಅದರ ಬದಲು ಡ್ಯಾಶ್‌ಬೋರ್ಡ್ ಇಡುವುದು ಲೇಸು ಎನ್ನುತ್ತಾರೆ. ಒಂದು ಪಾಳಿಗೆ ಹೆಚ್ಚೆಂದರೆ ಎರಡು ಘಟನೆ ಎಂಬ ಮಿತಿಯನ್ನೂ ಅದೇ ಪುಸ್ತಕ ಹಾಕುತ್ತದೆ. ದೊಡ್ಡ ತಂಡಗಳಿಗೆ ಈ ಮಾತು ಒಪ್ಪುತ್ತದೆ. ಒಬ್ಬಿಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಕಾಲೇಜು, ಸಹಕಾರಿ ಬ್ಯಾಂಕು, ಸಣ್ಣ ಆಸ್ಪತ್ರೆಗಳಲ್ಲಿ ಡ್ಯಾಶ್‌ಬೋರ್ಡ್ ಎದುರು ಕೂರಲು ಯಾರಿಗೂ ಬಿಡುವಿಲ್ಲ. ಅಂಥಲ್ಲಿ ಮೇಲ್ ಅನಿವಾರ್ಯ, ಅದಕ್ಕೇ ಅದನ್ನು ಚೆನ್ನಾಗಿ ಬರೆಯುವ ಅಗತ್ಯ ಅಲ್ಲೇ ಹೆಚ್ಚು.

ಮೇಲ್ ಎಷ್ಟೇ ಸೊಗಸಾಗಿರಲಿ, ತಲುಪಬೇಕಲ್ಲ. 2017ರ ಜನವರಿ 31ರಂದು ಕೋಡ್ ಸಂಗ್ರಹಿಸಿಡುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ ಅದಿರಬೇಕಾದ ಜಾಗ ಖಾಲಿ. ಬ್ಯಾಕಪ್ ಪ್ರೋಗ್ರಾಮಿನ ಆವೃತ್ತಿ 9.2, ಡೇಟಾಬೇಸಿನದು 9.6, ಹೊಂದದೆ ಬ್ಯಾಕಪ್ ಮುಗ್ಗರಿಸುತ್ತಿತ್ತು. ಕ್ರಾನ್ ಪ್ರತಿ ಸಲವೂ ಅದನ್ನು ಮೇಲ್ ಮಾಡುತ್ತಲೇ ಇತ್ತು. ಆದರೆ ಖೋಟಾ ಮೇಲ್ ತಡೆಯುವ ‘ಡಿಮಾರ್ಕ್’ ನಿಯಮ ಜಾರಿಯಲ್ಲಿದ್ದು, ಕ್ರಾನ್‌ನ ಮೇಲ್‌ಗಳಿಗೆ ಬೇಕಾದ ಸಹಿ ಇಲ್ಲದ್ದರಿಂದ ಅವು ಬಾಗಿಲಲ್ಲೇ ತಿರಸ್ಕೃತವಾಗುತ್ತಿದ್ದವು. ಕಂಪನಿ ಈ ವಿವರವನ್ನೆಲ್ಲ ತಾನೇ ಬಹಿರಂಗಪಡಿಸಿ ಉಪಕಾರ ಮಾಡಿತು. ಮೌನವನ್ನು ‘ಎಲ್ಲ ಸರಿಯಿದೆ’ ಎಂದು ಓದುವ ಅಭ್ಯಾಸಕ್ಕೆ ಈಗ ಮದ್ದಿದೆ: ಸದಾ ಬಡಿಯುತ್ತಿರುವ ಒಂದು ಅಲರ್ಟ್ ಇಟ್ಟು, ಅದು ನಿಂತಾಗ ಹೊರಗಿನ ಬೇರೊಂದು ಸೇವೆ ಕೂಗಿ ಹೇಳುವಂತೆ ಮಾಡುವುದು.

ಈಚೆಗೆ ಮಾನಿಟರಿಂಗ್ ಕಂಪನಿಗಳು ಭಾಷಾ ಮಾದರಿಗಳಿಂದ ಸಾರಾಂಶ ಬರೆಸುವ ಸೌಲಭ್ಯಗಳನ್ನು ಜೋಡಿಸುತ್ತಿವೆ. ಇನ್ನೂರು ಅಲರ್ಟ್‌ಗಳ ಗಂಟನ್ನು ನಾಲ್ಕು ಸಾಲಿಗೆ ಇಳಿಸುವಲ್ಲಿ ಅವು ಚುರುಕು. ಹಳೆಯ ನಾಗಿಯೋಸ್ ಮೇಲ್‌ಗಿಂತ ಅವುಗಳ ವಾಕ್ಯ ಎಷ್ಟೋ ತಿಳಿಯಾಗಿರುತ್ತದೆ. ಅಪಾಯವಿರುವುದು ಆ ತಿಳಿತನದಲ್ಲೇ. ದತ್ತಾಂಶದಲ್ಲಿಲ್ಲದ ಕಾರಣವೊಂದನ್ನು ಮಾದರಿ ಅಷ್ಟೇ ನಿಚ್ಚಳವಾಗಿ ಬರೆದರೆ, ನಿದ್ದೆಗಣ್ಣಿನ ಓದುಗರು ತಪ್ಪು ಸರ್ವರನ್ನು ರೀಸ್ಟಾರ್ಟ್ ಮಾಡಬಹುದು. ಆದ್ದರಿಂದ ಸಾರಾಂಶದ ಕೆಳಗೆ ಮೂಲ ಅಂಕಿ, ಅದರ ಗ್ರಾಫ್, ಅಲರ್ಟ್ ಎಬ್ಬಿಸಿದ ನಿಯಮ ಮೂರೂ ಇರಬೇಕು. ಯಾವುದು ಅಳತೆ, ಯಾವುದು ಊಹೆ ಎಂದು ಕಣ್ಣಿಗೆ ಬೀಳುವಂತೆ ಬೇರ್ಪಡಿಸಬೇಕು. ಇನ್ನೊಂದು ಮಿತಿಯೂ ಇದೆ. ರನ್‌ಬುಕ್ ಇಲ್ಲದ, ವಿವರಣೆಯ ಜಾಗ ಖಾಲಿ ಬಿಟ್ಟ ನಿಯಮದಿಂದ ಅಲರ್ಟ್ ಎದ್ದಾಗ ಮಾದರಿಯ ಕೈಗೆ ಸಿಗುವುದು ಸರ್ವರಿನ ಹೆಸರು ಮತ್ತು ಒಂದು ಅಂಕಿ ಮಾತ್ರ. ಡಿಬಿ-3ರಲ್ಲಿ ಯಾವ ಹಳೆಯ ಫೈಲುಗಳನ್ನು ಅಳಿಸಿದರೆ ತೊಂದರೆಯಿಲ್ಲ, ಅಲ್ಲಿನ ಡಿಸ್ಕ್ ತಿಂಗಳ ಕೊನೆಯಲ್ಲಿ ಯಾಕೆ ತುಂಬುತ್ತದೆ, ಸಂಶಯ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಆ ಸರ್ವರನ್ನು ಬಲ್ಲ ಎಂಜಿನಿಯರೇ ಮುಂಚಿತವಾಗಿ ಬರೆದಿಟ್ಟಿರಬೇಕು.